ಗೋದಾಮಾಮಿಗೆ ವರಿ ಇಲ್ಲ

ತಮಿಳಿನಲ್ಲಿ ‘ವರಿ’ ಎಂದರೆ ತೆರಿಗೆ. ನಮ್ಮ ಮಂಡ್ಯದ ಕಡೆ ‘ವರಿ ಮಾಡ್ಕೋಬೇಡಿ’ ಎಂದರೆ ಚಿಂತೆ ಮಾಡಬೇಡಿ ಎಂದರ್ಥ. ಚೆನ್ನೈಗೆ ಬಂದು ವೇಲಚೇರಿಯಲ್ಲಿ ಆಡಿಟರ್ ಎಂದು ಬೋರ್ಡು ಹಾಕಿಕೊಂಡ ಮೊದಲ ವರ್ಷ ಈ ಎರಡು ವರಿಗಳ ನಡುವೆ ನಾನು ಸಾಕಷ್ಟು ಒದ್ದಾಡಿದ್ದೇನೆ. ‘ವರಿ ಇರುಕ್ಕಾ ಮೇಡಂ?’ ಎಂದು ಕೇಳಿದ ಪಾತ್ರೆ ಅಂಗಡಿಯವನಿಗೆ ‘ಅದು ಎಲ್ಲರಿಗೂ ಇದ್ದದ್ದೇ’ ಎಂದು ಸಮಾಧಾನ ಹೇಳಿ, ತೆರಿಗೆ ಬಿತ್ತೆಂದು ಅವನು ಗಾಬರಿಯಾಗಿ ಬೇರೆ ಆಡಿಟರ್ ಹುಡುಕಿಕೊಂಡದ್ದೂ ಉಂಟು. ಏಳು ವರ್ಷದ ಮೇಲೆ ಈಗ ನನಗೆ ಅನ್ನಿಸುತ್ತದೆ, ಎರಡೂ ಒಂದೇ ಪದ ಇರಬೇಕು ಎಂದು. ಹಾಗೆ ಅನ್ನಿಸುವಂತೆ ಮಾಡಿದವರು ನಮ್ಮ ಕಟ್ಟಡದ ಎರಡನೇ ಮಹಡಿಯ ತಿರುಮಲ.

ತಿರುಮಲ ಅವರ ಮುತ್ತಜ್ಜ ಮದರಾಸಿಗೆ ಬಂದವರು. ನಾಲ್ಕು ತಲೆಮಾರು ಇಲ್ಲೇ ಕಳೆದು, ಕನ್ನಡಕ್ಕೆ ತಮಿಳಿನ ಒಗ್ಗರಣೆ ಚೆನ್ನಾಗಿ ಬಿದ್ದಿದೆ. ಮಣಲಿಯ ಒಂದು ರಸಾಯನ ಕಾರ್ಖಾನೆಯಲ್ಲಿ ಅವರು ಸುರಕ್ಷತೆಯ ವಿಭಾಗಕ್ಕೆ ಮುಖ್ಯಸ್ಥರು. ವರ್ಷಕ್ಕೆ ಮೂವತ್ತಮೂರು ಲಕ್ಷ ಸಂಬಳ. ಅಪಾಯ ಎಲ್ಲಿ ಅಡಗಿದೆ ಎಂದು ಮೂಸಿ ಹೇಳುವುದೇ ಅವರ ಉದ್ಯೋಗ. ಮೆಟ್ಟಿಲಿಳಿಯುವವರು ಕಂಬಿ ಹಿಡಿಯದಿದ್ದರೆ ನಿಲ್ಲಿಸಿ ಬೈಯುತ್ತಾರೆ. ಲಿಫ್ಟಿನೊಳಗೆ ತಮ್ಮ ಖರ್ಚಿನಲ್ಲೇ ‘ಅವಸರವೇ ಅಪಘಾತ’ ಎಂದು ಮೂರು ಭಾಷೆಯಲ್ಲಿ ಅಂಟಿಸಿದ್ದಾರೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂಬ ಗಾದೆಯನ್ನು ನಾಲ್ಕನೇ ಭಾಷೆಯಲ್ಲಿ ನಾನೇ ಅಂಟಿಸಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಅವರು ನೆಲಮಹಡಿಯ ನನ್ನ ಆಫೀಸಿಗೆ ಬಂದರು. ಮಳೆಗಾಲದ ನೀರಿಗೆ ಹೆದರಿ ನಾನು ಫೈಲುಗಳನ್ನೆಲ್ಲ ಎದೆಮಟ್ಟಕ್ಕಿಂತ ಮೇಲಿಟ್ಟಿರುವುದನ್ನು ನೋಡಿ ಮೆಚ್ಚಿದರು. ಆಮೇಲೆ ದನಿ ತಗ್ಗಿಸಿದರು.

“ನಂದು ಒಂದು ಚಿಕ್ಕ ಕೇಸ್ ರಚನಾ ಮೇಡಂ. ಸೈಡಲ್ಲಿ ಸ್ವಲ್ಪ ಬರ್ತಾ ಇದೆ.”

“ಸ್ವಲ್ಪ ಅಂದ್ರೆ ಎಷ್ಟು ಸಾರ್?”

“ಚುಮ್ಮಾ, ತಿಂಗಳಿಗೆ ಒಂದು ಅರವತ್ತೈದು.”

“ಅರವತ್ತೈದು ರೂಪಾಯಾ?”

ಅವರು ನಗಲಿಲ್ಲ. ಶನಿವಾರ ಶನಿವಾರ ಅಂಬತ್ತೂರಿನ ಸಣ್ಣಪುಟ್ಟ ಕಾರ್ಖಾನೆಗಳಿಗೆ ಹೋಗಿ ಕೆಲಸಗಾರರಿಗೆ ಸುರಕ್ಷತೆಯ ಪಾಠ ಹೇಳುತ್ತಿದ್ದರಂತೆ. ಮಣಲಿಯ ಕಂಪನಿಯಲ್ಲಿ ಹೊರಗಿನ ಕೆಲಸಕ್ಕೆ ಅನುಮತಿ ಬೇಕು, ಅದನ್ನು ಕೇಳಿರಲಿಲ್ಲ. ನಾನು ಲೆಕ್ಕ ಹಾಕಿ ತೋರಿಸಿದೆ. ವರ್ಷಕ್ಕೆ ಏಳು ಲಕ್ಷದ ಎಂಬತ್ತು ಸಾವಿರ. ಇಂಥ ಕೆಲಸಕ್ಕೆ ಕಾನೂನಿನ ಪ್ರಕಾರವೇ ಅದರ ಅರ್ಧವನ್ನಷ್ಟೇ ಆದಾಯವೆಂದು ತೋರಿಸಿದರೆ ಸಾಕು. ತೆರಿಗೆ ಒಂದು ಲಕ್ಷದ ಇಪ್ಪತ್ತೆರಡು ಸಾವಿರದ ಆಸುಪಾಸು. ಅದರಲ್ಲೂ ಎಪ್ಪತ್ತೆಂಟು ಸಾವಿರವನ್ನು ಆ ಕಾರ್ಖಾನೆಗಳೇ ಹಿಡಿದು ಕಟ್ಟಿರುತ್ತವೆ. ಇವರು ಕೈಯಿಂದ ಬಿಚ್ಚಬೇಕಾದ್ದು ನಲವತ್ತನಾಲ್ಕು ಸಾವಿರ.

“ಸಂಬಳಕ್ಕೇ ಐದೂವರೆ ಲಕ್ಷ ಹಿಡೀತಾರೆ ಮೇಡಂ. ಶನಿವಾರನೂ ಸರ್ಕಾರಕ್ಕೇ ದುಡೀಬೇಕಾ?” ಎಂದರು. ಸ್ವಲ್ಪ ಹೊತ್ತು ಸೀಲಿಂಗ್ ಫ್ಯಾನ್ ನೋಡಿ, “ಅಮ್ಮಂಗೆ ಪ್ಯಾನ್ ಕಾರ್ಡ್ ಇದೆ ತಾನೆ? ಅವಳಿಗೆ ಹನ್ನೆರಡು ಲಕ್ಷದ ತನಕ ವರಿ ಇಲ್ಲೆ,” ಎಂದರು.

“ಪಾಠ ಹೇಳೋರು ನೀವು. ಬಿಲ್ಲು ಅವ್ರ ಹೆಸ್ರಲ್ಲಿ ಹಾಕಿದ್ರೆ ಸುಳ್ಳು ಲೆಕ್ಕ ಆಯ್ತದೆ ಸಾರ್. ನಾನ್ ಮಾಡ್ಕೊಡಲ್ಲ.”

“ನೀವು ಊರಿಗೆ ಹೊಸಬರು. ಮೆಡ್ರಾಸಲ್ಲಿ ಎಲ್ಲಾರೂ ಹೀಗೇ ತಾನೆ ಮಾಡೋದು,” ಎಂದು ಎದ್ದು ಹೋದರು. ಹೋಗುವಾಗ ಬಾಗಿಲ ಬಳಿ ನೆಲದ ಮೇಲಿದ್ದ ವೈರನ್ನು ತೋರಿಸಿ, ಯಾರಾದರೂ ಎಡವಿ ಬೀಳುತ್ತಾರೆ ಎಂದು ಎಚ್ಚರಿಸುವುದನ್ನು ಮರೆಯಲಿಲ್ಲ.

ಹೀಗೆ ‘ಗೋದಾ ಸೇಫ್ಟಿ ಕನ್ಸಲ್ಟೆನ್ಸಿ’ ಹುಟ್ಟಿತು. ಮಾಲೀಕರು ತಿರುಮಲ ಅವರ ತಾಯಿ ಶ್ರೀಮತಿ ಗೋದಾಬಾಯಿ, ವಯಸ್ಸು ಎಪ್ಪತ್ತನಾಲ್ಕು. ಕಟ್ಟಡದವರೆಲ್ಲ ಅವರನ್ನು ಗೋದಾಮಾಮಿ ಎನ್ನುತ್ತೇವೆ. ಅವರು ಜೀವಮಾನದಲ್ಲಿ ನಡೆಸಿದ ಯಂತ್ರವೆಂದರೆ ದೋಸೆಹಿಟ್ಟಿನ ಗ್ರೈಂಡರ್ ಒಂದೇ. ಅದರ ಸ್ವಿಚ್ಚನ್ನೂ ಕೈ ಮೂರು ಸಲ ಒರೆಸಿಕೊಂಡೇ ಮುಟ್ಟುತ್ತಾರೆ. ನಿಜ ಹೇಳಬೇಕೆಂದರೆ ಅಪಾಯದ ಅರಿವು ಮಗನಿಗಿಂತ ಅವರಿಗೇ ಹೆಚ್ಚು.

ಮಗ ಅವರೊಬ್ಬರ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆದರು. ತಮ್ಮ ಹೆಸರು ಎಲ್ಲೂ ತಗುಲಬಾರದೆಂಬ ಮುನ್ನೆಚ್ಚರಿಕೆ. ದುಡ್ಡನ್ನು ಮುಟ್ಟದೆ ಬೆಳೆಯಲು ಬಿಟ್ಟರು, ಒಂದು ದೊಡ್ಡ ಕಾರಿಗೆ ಅದು ಮುಂಗಡ. ತಾಯಿಗೆ ಹೊಸ ಫೋನೂ ಕೊಡಿಸಿದರು. ಮಗ ಖಾತೆಯ ಲೆಕ್ಕ ನೋಡಹೊರಟಾಗಲೆಲ್ಲ ಆ ಫೋನಿಗೆ ಆರಂಕಿಯ ಓಟಿಪಿ ಬರುತ್ತಿತ್ತು. “ಅಮ್ಮಾ, ನಂಬರ್ ಬಂದಿದೆ, ಹೇಳು,” ಎಂದು ಮಗ ಮಣಲಿಯಿಂದ ಕೇಳುತ್ತಿದ್ದರು, ಮಾಮಿ ಓದಿ ಹೇಳುತ್ತಿದ್ದರು. ಗ್ಯಾಸ್ ಸಿಲಿಂಡರ್ ತಂದವನೂ ಹಾಗೇ ನಂಬರ್ ಕೇಳುತ್ತಾನೆ, ಇದೂ ಅದೇ ಎಂದು ಅವರ ತಿಳಿವಳಿಕೆ. ಒಮ್ಮೆ ಲಿಫ್ಟಿನಲ್ಲಿ ಸಿಕ್ಕಾಗ, “ಈ ವರ್ಷ ನಮ್ಮ ಮನೇಲಿ ಗ್ಯಾಸು ತುಂಬಾ ಖರ್ಚಾಗ್ತಿದೆಯಮ್ಮಾ ರಚನಾ,” ಎಂದು ಬೇಜಾರು ಮಾಡಿಕೊಂಡಿದ್ದರು. ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ ಮಾತ್ರ ಏನಿದು ಎಂದು ಕೇಳಿದ್ದರಂತೆ. “ನಿನಗೆ ಏನೂ ವರಿ ಇಲ್ಲಮ್ಮಾ,” ಎಂದಿದ್ದರು ಮಗ. ಎರಡೂ ಭಾಷೆಯಲ್ಲಿ ಸರಿಹೋಗುವ ಮಾತು.

ಈ ಜುಲೈನಲ್ಲಿ ತಿರುಮಲ ತಾವೇ ಕೂತು ತಾಯಿಯ ರಿಟರ್ನ್ ಸಲ್ಲಿಸಿದರು. ತೆರಿಗೆ ಸೊನ್ನೆ. ಹಿಡಿದಿದ್ದ ಎಪ್ಪತ್ತೆಂಟು ಸಾವಿರವೂ ಮರಳಿ ಬಂತು. ಅದನ್ನು ಫೋನಿನಲ್ಲಿ ನನಗೆ ತೋರಿಸಲೆಂದೇ ಕೆಳಗೆ ಬಂದು, “ನೋಡಿದಿರಾ?” ಎಂದು ಹುಬ್ಬು ಹಾರಿಸಿದರು. ನಾನು ನೋಡಿದೆ ಎಂದೆ.

ಗೋದಾಮಾಮಿಗೆ ಎರಡು ಮಂಡಿಯೂ ಸವೆದಿದ್ದವು. ರಾಯರ ಮಠ ಇರುವುದು ಹಿಂದಿನ ಬೀದಿಯಲ್ಲಿ, ನಾನೂರು ಹೆಜ್ಜೆ ಆದರೆ ಹೆಚ್ಚು. ಮೊದಲು ಪ್ರತಿ ಗುರುವಾರ ಹೋಗುತ್ತಿದ್ದವರು ಎರಡು ವರ್ಷದಿಂದ ಹೋಗಿರಲಿಲ್ಲ. ಮೊಮ್ಮಗಳು ಸಂಹಿತಾ ಫೋನಿನಲ್ಲಿ ಮಂಗಳಾರತಿ ತೋರಿಸಿದರೆ ಆ ಗಾಜಿಗೇ ಕೈಮುಗಿಯುತ್ತಿದ್ದರು. ಕೊನೆಗೆ ಸೆಪ್ಟೆಂಬರಿನಲ್ಲಿ ಎರಡೂ ಮಂಡಿಗೆ ಆಪರೇಷನ್ ಎಂದು ದಿನ ಗೊತ್ತಾಯಿತು. ಐದು ಲಕ್ಷದ ಅರವತ್ತು ಸಾವಿರ. ಮಣಲಿಯ ಕಂಪನಿ ನೌಕರರ ತಂದೆತಾಯಿಯ ಆಸ್ಪತ್ರೆ ಖರ್ಚನ್ನು ಪೂರ್ತಿ ಕೊಡುತ್ತದೆ. ಮಾಮಿ ದಿನಾ ಕ್ಯಾಲೆಂಡರ್ ನೋಡಿ ಗುರುವಾರಗಳನ್ನು ಎಣಿಸತೊಡಗಿದರು.

ಆಪರೇಷನ್‌ಗೆ ಹತ್ತು ದಿನ ಇರುವಾಗ ತಿರುಮಲ ಮತ್ತೆ ನನ್ನ ಆಫೀಸಿಗೆ ಬಂದರು. ಈ ಸಲ ಹುಬ್ಬು ಕೆಳಗಿತ್ತು. ಹಿಂದೆ ವಾಕರ್ ಹಿಡಿದು ಗೋದಾಮಾಮಿ. ಅವರನ್ನು ಕುರ್ಚಿಯಲ್ಲಿ ಕೂರಿಸುವುದಕ್ಕೇ ಐದು ನಿಮಿಷ ಹಿಡಿಯಿತು. ಬಾಯಿಂದ ನೋವಿನ ಸದ್ದು ಬರದಂತೆ ಅವರು ತುಟಿ ಕಚ್ಚಿಕೊಂಡಿದ್ದರು.

ತಿರುಮಲ ಒಂದು ಕಾಗದ ಮುಂದಿಟ್ಟರು. ಕಂಪನಿ ಈ ವರ್ಷ ಹೊಸ ನಿಯಮ ಮಾಡಿತ್ತು. ತಿಂಗಳಿಗೆ ಒಂಬತ್ತು ಸಾವಿರಕ್ಕಿಂತ ಹೆಚ್ಚು ಆದಾಯವಿರುವ ತಂದೆತಾಯಿ ಆಶ್ರಿತರ ಪಟ್ಟಿಯಲ್ಲಿ ಇರುವಂತಿಲ್ಲ. ಪ್ಯಾನ್ ಕಾರ್ಡ್ ಇದ್ದವರ ರಿಟರ್ನಿನ ಪ್ರತಿ ಕೊಡಬೇಕು.

“ಒಂದು ಲೆಟರ್ ಬೇಕು ಮೇಡಂ. ಆ ಬಿಸಿನೆಸ್ ಕ್ಲೋಸ್, ಅಮ್ಮಂಗೆ ವರುಮಾನ ಇಲ್ಲೆ ಅಂತ.”

“ಏಳು ಲಕ್ಷ ಎಂಬತ್ತು ಸಾವಿರ ದುಡಿದೆ ಅಂತ ಅವ್ರ ರಿಟರ್ನೇ ಹೇಳ್ತಾ ಅದೆಯಲ್ಲ ಸಾರ್. ರೀಫಂಡ್ ಬೇರೆ ಬಂದದೆ.”

“ಬೇರೆ ದಾರಿ?”

“ಒಂದೇ ದಾರಿ. ಆ ದುಡ್ಡು ನಿಮ್ದು ಅಂತ ಒಪ್ಕೊಂಡು ಇಬ್ರ ರಿಟರ್ನೂ ತಿದ್ದಿ, ತೆರಿಗೆ ಕಟ್ಟಿ. ಕಂಪನೀಗೂ ನಿಜ ಹೇಳಿ.”

“ಕಂಪನೀಗಾ? ಕೆಲಸಕ್ಕೇ ಕುತ್ತು ಬರತ್ತೆ ಮೇಡಂ,” ಎಂದರು. ಆಮೇಲೆ ಬೆರಳಿನಿಂದ ಮೇಜನ್ನು ತಟ್ಟುತ್ತ ಯೋಚಿಸಿದರು. ಕಾನೂನು ಚಾಪೆ ಕೆಳಗೆ ನುಸುಳಿದರೆ ಇವರು ರಂಗೋಲಿ ಕೆಳಗೆ ನುಸುಳುವ ಜಾತಿ. ದಾರಿ ಸಿಕ್ಕಿದ್ದು ಅವರ ಮುಖದಲ್ಲೇ ಗೊತ್ತಾಯಿತು.

“ಹಾಗಾದ್ರೆ ಈ ವರ್ಷ ಆಪರೇಷನ್ ಬೇಡ. ಮುಂದಿನ ವರ್ಷ ಅಮ್ಮನ ಹೆಸರಲ್ಲಿ ಏನೂ ತೋರಿಸೋದು ಬೇಡ. ಆಗ ಮತ್ತೆ ಲಿಸ್ಟಿಗೆ ಸೇರಿಸಿ ಮಾಡಿಸ್ಬಿಡೋಣ. ಮಂಡಿ ಎಲ್ಲಿಗೆ ಓಡಿ ಹೋಗತ್ತೆ?”

ನನಗೆ ಮೈಯೆಲ್ಲ ಉರಿಯಿತು. ಪಕ್ಕದಲ್ಲೇ ತಾಯಿ ಕೂತಿದ್ದಾರೆ, ಅವರ ಮಂಡಿಯ ವಿಷಯವನ್ನು ಕಾರಿನ ಸರ್ವಿಸ್ ಮುಂದೂಡುವಂತೆ ಮುಂದೂಡುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಗೋದಾಮಾಮಿ ಮಾತಾಡಿದರು.

“ರಚನಾ, ಈ ದುಡ್ಡು ಯಾರ ಹೆಸರಲ್ಲಿದೆಯಮ್ಮಾ?”

“ನಿಮ್ಮ ಹೆಸ್ರಲ್ಲಿ ಮಾಮಿ.”

“ನಾನು ಏನು ಕೆಲಸ ಮಾಡ್ದೆ?”

“ಅಂಬತ್ತೂರಿನ ಕಾರ್ಖಾನೆಗಳಿಗೆ ಹೋಗಿ ಸೇಫ್ಟಿ ಪಾಠ ಹೇಳಿದೀರಿ.”

“ಅಪ್ಪಡಿಯಾ, ಹೌದಾ?” ಎಂದು ವಾಕರ್ ಕಡೆಗೊಮ್ಮೆ ನೋಡಿದರು. “ಚೆನ್ನಾಗಿ ಹೇಳಿದೆನಾ?”

“ದುಡ್ಡು ಕೊಟ್ಟವ್ರೆ ಅಂದ್ಮೇಲೆ ಚೆನ್ನಾಗೇ ಹೇಳಿರ್ತೀರಿ.”

ತಿರುಮಲ ಇಬ್ಬರನ್ನೂ ನೋಡಿ ನಗಲು ಪ್ರಯತ್ನಿಸಿದರು. ಮಾಮಿ ಕಂಪನಿಯ ಕಾಗದವನ್ನು ಹತ್ತಿರ ಎಳೆದುಕೊಂಡು, ತಮ್ಮ ಹೆಸರಿನ ಮುಂದಿದ್ದ ಪದದ ಮೇಲೆ ಬೆರಳಿಟ್ಟರು.

“ಈ ಡಿಪೆಂಡೆಂಟ್ ಅಂದ್ರೆ ಏನು?”

“ಮಗನ್ನ ನೆಚ್ಕೊಂಡು ಇರೋರು ಅಂತ ಮಾಮಿ.”

“ನೆಚ್ಚಿದ್ದೆ,” ಎಂದರು. ಕಾಗದವನ್ನು ನನ್ನ ಕಡೆ ತಳ್ಳಿದರು. “ಹೊಡೆದುಹಾಕು ಅದನ್ನ. ನನ್ನ ದುಡ್ಡಲ್ಲಿ ನಾನು ಕಾಲು ಮಾಡಿಸ್ಕೋತೀನಿ.”

“ಅಮ್ಮಾ, ಅದು ನನ್ನ ದುಡ್ಡಮ್ಮಾ. ಕಾರಿಗೆ ಅಂತ ಇಟ್ಟಿರೋದು.”

“ಶರಿ ಕಣ್ಣಾ. ನಿನ್ನದು ಅಂತ ಒಂದು ಕಾಗದದಲ್ಲಿ ಬರೆದು ಸಹಿ ಹಾಕ್ಬಿಡು. ಇವಳು ಎಲ್ಲಿ ಕೊಡಬೇಕೋ ಅಲ್ಲಿ ಕೊಡ್ತಾಳೆ.”

ನಾನು ಒಂದು ಬಿಳಿ ಹಾಳೆ ಮತ್ತು ಪೆನ್ನನ್ನು ಅವರ ಮುಂದೆ ಸರಿಸಿದೆ. ಅಷ್ಟು ಸಂತೋಷದಿಂದ ನಾನು ಯಾವ ಗಿರಾಕಿಗೂ ಪೆನ್ನು ಕೊಟ್ಟದ್ದಿಲ್ಲ. ತಿರುಮಲ ಹಾಳೆಯನ್ನು ನೋಡಿದರು, ಪೆನ್ನನ್ನು ನೋಡಿದರು. ಬಾಯಲ್ಲಿ ಬಿಸಿತುಪ್ಪ. ತನ್ನದು ಎಂದರೆ ತೆರಿಗೆಯವರ ಕೈಗೂ ಕಂಪನಿಯ ಕೈಗೂ ಸಿಕ್ಕಂತೆ, ಅಲ್ಲ ಎಂದರೆ ತಾಯಿಯ ಕೈಗೆ.

“ವರಿ ಮಾಡ್ಕೋಬೇಡಿ ಸಾರ್, ನಿಧಾನಕ್ಕೆ ಬರೀರಿ,” ಎಂದೆ.

ಅವರು ಬರೆಯಲಿಲ್ಲ. ಮಾಮಿ ಕಂಪನಿಯ ಕಾಗದದಲ್ಲಿ ಆ ಪದವನ್ನು ಹೊಡೆದುಹಾಕಿಸಿ ಪಕ್ಕದಲ್ಲಿ ಸಹಿ ಹಾಕಿದರು, ಒಂದೊಂದೇ ಅಕ್ಷರವಾಗಿ. ಮಾರನೆಯ ದಿನ ಸಂಹಿತಾ ಅಜ್ಜಿಯನ್ನು ಆಟೋದಲ್ಲಿ ಬ್ಯಾಂಕಿಗೆ ಕರೆದುಕೊಂಡು ಹೋದಳು. ಕನ್ನಡ ಅರ್ಥವಾದರೂ ಯಾವತ್ತೂ ಕನ್ನಡದಲ್ಲಿ ಉತ್ತರಿಸದ ಹುಡುಗಿ. ವಾಪಸ್ ಬಂದಾಗ ನನ್ನ ಬಾಗಿಲಲ್ಲಿ ನಿಂತು, “ಪಾಟ್ಟಿ ಸೂಪರ್, ಆಂಟಿ,” ಎಂದಷ್ಟೇ ಅಜ್ಜಿಯ ಬಗ್ಗೆ ಹೇಳಿ ಹೋದಳು.

ಆಪರೇಷನ್ ಗೊತ್ತಾದ ದಿನವೇ ನಡೆಯಿತು. ಆಸ್ಪತ್ರೆಯವರು ಹಿಡಿಸಿದ ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ ಮಾಮಿ ಏನು ಹೇಳಿದರೋ, ಬರೆದುಕೊಂಡ ನರ್ಸ್ ಎರಡೆರಡು ಸಲ ಕೇಳಿದಳಂತೆ. ತಿರುಮಲ ಕಾರಿನ ಬುಕಿಂಗ್ ರದ್ದು ಮಾಡಿದರು. ಲಿಫ್ಟಿನಲ್ಲಿ ನಾನು ಸಿಕ್ಕರೆ ತಾವೇ ಅಂಟಿಸಿದ ಎಚ್ಚರಿಕೆಯನ್ನು ಓದುತ್ತ ನಿಲ್ಲುತ್ತಿದ್ದರು.

ಡಿಸೆಂಬರ್ ಮೊದಲ ಗುರುವಾರ ಸಂಜೆ ಆಫೀಸಿನ ಬಾಗಿಲಲ್ಲಿ ಗೋದಾಮಾಮಿ ನಿಂತಿದ್ದರು. ವಾಕರ್ ಇರಲಿಲ್ಲ, ಕೈಯಲ್ಲೊಂದು ಕೋಲು ಅಷ್ಟೇ. ಮಠದಿಂದ ನಡೆದುಕೊಂಡೇ ಬಂದಿದ್ದರು. ನನಗೆ ಎದ್ದು ಅಪ್ಪಿಕೊಳ್ಳಬೇಕು ಅನ್ನಿಸಿತು. ಮಡಿಯೋ ಏನೋ ಎಂದು ಸುಮ್ಮನಾದೆ. ಅವರು ಯಾರ ಸಹಾಯವೂ ಇಲ್ಲದೆ ಕುರ್ಚಿಯಲ್ಲಿ ಕೂತರು.

“ತಿರುಮಲನ ಲೆಕ್ಕ, ಕಣಕ್ಕು ಎಲ್ಲಾ ಶರಿಯಾಯ್ತಾಮ್ಮಾ?”

“ಇಲ್ಲ ಮಾಮಿ. ತಿದ್ದಕ್ಕೆ ಈ ತಿಂಗಳ ಕೊನೆ ತಂಕ ಟೈಮಿದೆ.”

“ಸುಳ್ಳು ಹೇಳಿದ್ದು ಅವನು, ಹೆಸರು ನಂದು. ಇದನ್ನ ಇಟ್ಕೊಂಡು ರಾಯರ ಎದುರು ಹೇಗೆ ನಿಲ್ಲಲಿ? ನಿಂತ್ಕೊಳ್ಳೋಕೆ ಈಗ ತಾನೆ ಕಾಲು ಬಂದಿದೆ,” ಎಂದು ಮಗನಿಗೆ ಫೋನ್ ಮಾಡಿದರು. “ತಿರುಮಲ, ಕೆಳಗೆ ಬಾ. ಪ್ಯಾನ್ ಕಾರ್ಡ್ ತೊಗೊಂಡು ಬಾ. ನಂದೂ ನಿಂದೂ.”

ಬಂದರು. ನಾನು ಲೆಕ್ಕ ತೋರಿಸಿದೆ. ತೆರಿಗೆ, ಬಡ್ಡಿ, ಮರಳಿಸಬೇಕಾದ ರೀಫಂಡು. ತಿರುಮಲ ಮೊತ್ತವನ್ನು ನೋಡಿ ನಿಟ್ಟುಸಿರು ಬಿಟ್ಟರು. ಆಸ್ಪತ್ರೆಗೆ ಕೊಟ್ಟು ಉಳಿದದ್ದು ಖಾತೆಯಲ್ಲಿದೆ, ಅದರಿಂದಲೇ ಕಟ್ಟು ಎಂದರು ತಾಯಿ. ಕಂಪನಿಗೆ ಹೇಳುವುದು ಬಿಡುವುದು ನಿನ್ನ ಪಾಡು ಎಂದೂ ಸೇರಿಸಿದರು. ಮಗನ ರಿಟರ್ನ್ ತಿದ್ದಿ ಮುಗಿಸಿದೆ. ತಾಯಿಯದನ್ನು ಸಲ್ಲಿಸುವ ಕೊನೆಯ ಹಂತದಲ್ಲಿ ಮಾಮಿಯ ಮಡಿಲಲ್ಲಿದ್ದ ಫೋನು ಟಿಣ್ ಎಂದಿತು.

“ಅಮ್ಮಾ, ನಂಬರ್ ಬಂದಿದೆ, ಹೇಳು,” ಎಂದರು ತಿರುಮಲ, ಅಭ್ಯಾಸ ಬಲ.

ಮಾಮಿ ಕನ್ನಡಕ ಏರಿಸಿಕೊಂಡು ಫೋನನ್ನು ದೂರ ಹಿಡಿದರು. ಓದಿಕೊಂಡರು. ಆಮೇಲೆ ಅದನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟರು.

“ಯಾವುದಕ್ಕೋ? ಗ್ಯಾಸಿಗೋ, ವರಿಗೋ?”

ತಿರುಮಲ ನನ್ನ ಕಡೆ ನೋಡಿದರು. ನಾನು ಕಂಪ್ಯೂಟರ್ ನೋಡುತ್ತಿದ್ದೆ. ಅವರು ಬಾಯೊಳಗೇ ಏನೋ ಗೊಣಗಿದರು.

“ಜೋರಾಗಿ ಹೇಳಪ್ಪಾ. ಕಿವೀನೂ ಈಗ ನಿನ್ನ ಕಂಪನಿ ಸ್ಕೀಮಲ್ಲಿ ಇಲ್ಲೆ.”

“ವರಿಗಮ್ಮಾ,” ಎಂದರು ತಿರುಮಲ.

ಗೋದಾಮಾಮಿ ಫೋನನ್ನು ಕೈಗೆತ್ತಿಕೊಂಡು, ಆರು ಅಂಕಿಗಳನ್ನೂ ಒಂದೊಂದಾಗಿ ನನಗೆ ಹೇಳಿದರು.