ಖಸಬ್‌ನಲ್ಲಿ ನೆನೆದ ಸಂಡಿಗೆ

ಅರಬ್ ನಾಡಿನ ಖಸಬ್ ಊರಿನ ಆ ವಾರದ ಹವೆಗೆ ತಲೆಬುಡವಿರಲಿಲ್ಲ. ಎರಡು ದಿನ ಬಿಸಿಲು, ಎರಡು ದಿನ ಧೂಳುಗಾಳಿ, ಆಮೇಲೆ ಹಲ್ಲು ಕಟಕಟಿಸುವ ಚಳಿ. ಶುಕ್ರವಾರ ಮಳೆಯೇ ಸುರಿದು, ಮಂಗಳೂರು ಕಡೆಯ ಅಪ್ಪಿ ತಾರಸಿಯಲ್ಲಿ ಹರವಿದ್ದ ಸಂಡಿಗೆಯೆಲ್ಲ ಗಂಜಿಯಾಯಿತು.

"ಹಾಳು ಮಳೆ! ಇದಕ್ಕೆ ಬೇರೆ ಊರು ಸಿಗ್ಲಿಲ್ವಾ?" ಎಂದು ಅವಳು ಪಕ್ಕದ ಮನೆಯ ಸಲ್ಮಾಳಿಗೆ ಕೇಳುವಂತೆ ಅರೆಬರೆ ಹಿಂದಿಯಲ್ಲಿ ಶಪಿಸಿದಳು. ಸಲ್ಮಾ ಅಂಗಳದಲ್ಲಿ ಕೈಯೊಡ್ಡಿ ನೆನೆಯುತ್ತಿದ್ದಳು.

ಸಂಜೆ ಸಲ್ಮಾಳೇ ಬಿಸಿ ರೊಟ್ಟಿ ತಂದಳು.

"ನಮ್ಮ ಬಾವಿ ನೀರು ಉಪ್ಪಾಗಿ ಮೂರು ವರ್ಷ ಆಯ್ತು ಅಪ್ಪಿ, ಆಡುಗಳೂ ಮೂಸೋದಿಲ್ಲ. ಊರೆಲ್ಲ ಸೇರಿ ಮಳೆಗೆ ನಮಾಜು ಮಾಡಿದ್ವಿ. ಆಗ ನಿನ್ನ ಸಂಡಿಗೆ ನೆನಪಾಗ್ಲಿಲ್ಲ, ಬೇಜಾರು ಮಾಡ್ಕೋಬೇಡ."

ಅಪ್ಪಿಗೆ ತಲೆ ಎತ್ತಲಾಗಲಿಲ್ಲ. ಬಾವಿಗೆ ನೀರು ಬಂತಾ ಎಂದು ಕೇಳಬೇಕೆನಿಸಿತು. ಕೇಳುವ ಮುಖ ತನಗಿಲ್ಲವೆಂದು, ರೊಟ್ಟಿಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದು ನಿಂತಳು.