ಲೋಳೆಗೆ ಪಂಚಗವ್ಯ

"ಸೂಳಿಮಗನ, ನಿನ್ನ ಕೈ ಹತ್ತಿ ನನ್ನ ಮನಿ ನೀರ ಕೆಟ್ಟಾವ," ಎಂದು ದೇಸಾಯರು ಬೈಯತೊಡಗಿದರು. ಬೈಗುಳ ಮುಗಿಯಲಿಲ್ಲ. ಹೊಟ್ಟೆ ಹಿಡಿದುಕೊಂಡು, ಚೊಂಬು ಎತ್ತಿಕೊಂಡು ಹಿತ್ತಲಿಗೆ ಓಡಿದರು. ನನ್ನ ಗಂಡ ದುರಗಪ್ಪ ಕೈಕಟ್ಟಿ ನಿಂತೇ ಇದ್ದ. ದೊಡ್ಡವರು ಉಳಿದದ್ದನ್ನು ಬೈಯಲು ತಿರುಗಿ ಬರುವ ತನಕ ಕಾಯಬೇಕಲ್ಲ.

ಕೆರೆಯಿಂದ ದೇಸಾಯರ ವಾಡೆಗೆ ನೀರು ಹೋಗುವುದು ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ. ವರ್ಷಕ್ಕೊಮ್ಮೆ ಅವನ್ನು ಬಿಚ್ಚಿ, ಒಳಗೆ ಬೆಳೆದ ಲೋಳೆಯನ್ನು ಕತ್ತಾಳೆ ನಾರಿನಿಂದ ಕೆರೆಯುವುದು ನಮ್ಮ ಮನೆತನದ ಕೆಲಸ. ನಾವು ಮುಟ್ಟಿದ ಮೈಲಿಗೆ ಹೋಗಲೆಂದು ಆಮೇಲೆ ಭಟ್ಟರು ಕೊಳವೆಗೆ ಪಂಚಗವ್ಯ ಸುರಿಯುತ್ತಾರೆ. ಹಾಲು, ಮೊಸರು, ತುಪ್ಪ, ಗಂಜಲ, ಸಗಣಿ. ಲೋಳೆಗೆ ಇದಕ್ಕಿಂತ ಒಳ್ಳೆಯ ಊಟ ಯಾವ ಮದುವೆಯಲ್ಲಿ ಸಿಕ್ಕೀತು?

ಈ ಸಲ ಕುಂಪಣಿಯ ಡಾಕ್ಟರನೊಬ್ಬ ಕೊಳವೆಗೆ ಸುಣ್ಣ ಬಿಡಿ ಎಂದನಂತೆ. ದೇಸಾಯರಿಗೆ ಖುಷಿಯೋ ಖುಷಿ. ಕೆರೆಯುವುದೂ ಬೇಡ, ನಮ್ಮ ಕೈಯೂ ಬೇಡ. ನಾಲ್ಕು ದಿನ ನೀರು ತಿಳಿಯಾಗಿ ಬಂತು. ಐದನೆಯ ದಿನ ಲೋಳೆ ಚಕ್ಕೆ ಚಕ್ಕೆಯಾಗಿ ಕಳಚಿ ಬಂತು. ವಾಡೆಗೆ ವಾಡೆಯೇ ಹಿತ್ತಲು ಹಿಡಿಯಿತು. ತಪ್ಪು ಯಾರದು? ಈ ವರ್ಷ ಕೊಳವೆ ಮುಟ್ಟದೇ ಇದ್ದವನದು!

ಶಿಕ್ಷೆಯೆಂದು ನಮ್ಮ ಕೇರಿಗೆ ನೀರು ಬಿಡುವ ಕಂಡಿ ಮುಚ್ಚಿಸಿದರು. ಕೆರೆಗಂತೂ ನಾವು ಇಳಿಯುವಂತಿಲ್ಲ. ಎಂಟು ದಿನ ಎಮ್ಮೆ ಬೀಳುವ ಹೊಂಡದ ನೀರು ಕುಡಿದೆವು. ನನ್ನ ಕೂಸು ಜ್ವರದಿಂದ ಸುಡುತ್ತಿತ್ತು. ಕೊಳವೆ ಕೆರೆದುಕೊಟ್ಟರೆ ಕಂಡಿ ತೆರೆಯುತ್ತೇವೆ ಎಂದರು.

ಕೇರಿಯ ಪಕ್ಕ ಹಾದು ವಾಡೆಗೆ ಹೋಗುವ ಕೊಳವೆ ಬಿಚ್ಚಿ ದುರಗಪ್ಪ ನನಗೆ ತೋರಿಸಿದ. ಮೇಲಿನ ಪದರ ಸುಣ್ಣಕ್ಕೆ ಸತ್ತು ಬೆಳ್ಳಗಾಗಿತ್ತು. ಉಗುರಿನಿಂದ ಎಬ್ಬಿಸಿದರೆ ಕೆಳಗೆ ಹಸಿರು ಲೋಳೆ ಜಾರುತ್ತಿತ್ತು.

"ಸುಣ್ಣ ಮ್ಯಾಲಿಂದಷ್ಟ ಕೊಂದೈತಿ, ಮಾಳವ್ವಾ. ಬುಡ ಹಂಗ ಐತಿ," ಎಂದ.

ಮೂರು ದಿನ ಕೆರೆದ. ಬೆರಳ ತುದಿಗಳು ಕಿತ್ತು ಹೋದವು. ಕೊಳವೆ ಜೋಡಿಸಿ ನೀರು ಬಿಟ್ಟಾಗ ಭಟ್ಟರು ಪಂಚಗವ್ಯದ ಪಾತ್ರೆ ಹಿಡಿದು ಬಂದರು. ಕಂಡಿ ಯಾವಾಗ ತೆರೆಯುತ್ತೀರಿ ಎಂದು ಕೇಳಿದೆ. ಮೊದಲು ಶುದ್ಧಿಯಾಗಲಿ, ಹುಣ್ಣಿಮೆ ಕಳೆದ ಮೇಲೆ ನೋಡೋಣ ಎಂದರು.

"ಹುಣ್ಣಿವಿ ತನಕಾ ನನ್ನ ಕೂಸು ಇರತೈತೇನ್ರಿ?" ಎಂದೆ.

ಭಟ್ಟರು ಆಕಾಶ ನೋಡಿದರು. ದುರಗಪ್ಪ ಭಟ್ಟರನ್ನು ನೋಡಿದ. ಆಮೇಲೆ ಗುದ್ದಲಿ ಎತ್ತಿ, ಕೇರಿಯ ಪಕ್ಕದ ಕೊಳವೆಯನ್ನು ಒಂದೇ ಏಟಿಗೆ ಒಡೆದ. ಪಂಚಗವ್ಯ ಇನ್ನೂ ಮುಟ್ಟದ ನೀರು ನಮ್ಮ ಕೇರಿಗೆ ಹರಿಯಿತು. ನಾನು ಕೊಡ ಹಿಡಿದೆ.

ಸುದ್ದಿ ತಿಳಿದು ದೇಸಾಯರು ಬಾರುಕೋಲು ಹಿಡಿದು ಓಡಿ ಬಂದರು. ಅರ್ಧ ದಾರಿಯಲ್ಲಿ ನಿಂತರು. ಹೊಟ್ಟೆ ಹಿಡಿದುಕೊಂಡು ತಿರುಗಿ ಹಿತ್ತಲಿಗೆ ಓಡಿದರು.

ಚೊಂಬಿನಲ್ಲಿ ನೀರಿರಲಿಲ್ಲ.