ಬರ್ಫದಲ್ಲಿಟ್ಟ ತಂತಿ

ಆ ಬೆಳಿಗ್ಗೆ ಮಳೆ ನಿಂತಿತ್ತು, ಬಿಸಿಲು ಮಾತ್ರ ಬಂದಿರಲಿಲ್ಲ. ಬೈಕುಲ್ಲಾದ ಗಲ್ಲಿಯಲ್ಲಿ ಗಾಳಿ ಒದ್ದೆ ಬಟ್ಟೆಯಂತೆ ಮೈಗಂಟುತ್ತಿತ್ತು. ಫಕ್ರುದ್ದೀನನ ಕಾರ್ಖಾನೆಯ ಕಬ್ಬಿಣದ ಬಾಗಿಲೂ ಬೆವೆತಿತ್ತು. ಇಂಥ ಹವೆಯಲ್ಲಿ ಉಕ್ಕಿನ ತಂತಿ ಬೇಗ ತುಕ್ಕು ಹಿಡಿದು ಕೆಂಪಾಗುತ್ತದೆ. ಅದಕ್ಕೇ ಚಾಂದಬಿ ತಾನು ಹೊಸೆದ ಪ್ರತಿ ತಂತಿಗೂ, ಕೂಸಿನ ನೆತ್ತಿಗೆ ಹಚ್ಚಿದಂತೆ, ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಗಂಡ ಆಸಿಫ ಕಲಿಸಿದ ಪದ್ಧತಿ.

ಆಸಿಫ ತೀರಿಕೊಂಡಾಗ ಅವನ ತಂತಿ ಹೊಸೆಯುವ ಚಕ್ರವನ್ನು ಫಕ್ರುದ್ದೀನ ತನ್ನ ಕಾರ್ಖಾನೆಗೆ ತಂದಿದ್ದ. "ಇದು ನಿಂದು, ತಂಗಿ. ಕೆಲಸ ಇರೂತನಕ ಇಲ್ಲಿರಲಿ. ನಿಂತ ದಿನ ನಿನ್ನ ಮನಿಗೆ ಮುಟ್ಟಸ್ತೀನಿ" ಎಂದಿದ್ದ. ಅವಳ ಒಲೆ ಉರಿಯುತ್ತಿದ್ದದ್ದು ಆ ಚಕ್ರದಿಂದಲೇ.

ಅವರು ಮಾಡುತ್ತಿದ್ದದ್ದು ಗಾಳಕ್ಕೂ ದಾರಕ್ಕೂ ನಡುವೆ ಕಟ್ಟುವ ತಂತಿಯ ತುಂಡು. ಲೀಡರ್ ಎನ್ನುತ್ತಾರೆ. ಹಲ್ಲಿನ ಮೀನು ದಾರ ಕಡಿದುಕೊಂಡು ಹೋಗದಿರಲೆಂದು. ಹಳೆಯ ಗಿರಾಕಿಗಳೆಲ್ಲ ನೈಲಾನಿಗೆ ಹೋಗಿದ್ದರು. ಉಳಿದವನು ಒಬ್ಬನೇ, ಕೆರೆಗಳು ಹೆಪ್ಪುಗಟ್ಟುವ ದೇಶದವನು. ಅಲ್ಲಿ ಬರ್ಫಕ್ಕೆ ತೂತು ಕೊರೆದು ಗಾಳ ಇಳಿಸುತ್ತಾರಂತೆ.

ಅವನ ಮಾತು ತಂದವನು ಘಾಟ್ಕೋಪರಿನ ವ್ಯಾಪಾರಿ, ಮೂಲತಃ ಧಾರವಾಡದ ಸದಾನಂದ. "ತಂತಿನೋ, ದಪ್ಪ ನೈಲಾನೋ, ನೀವ ಆರಿಸಿ ಹೇಳ್ಬೇಕಂತ, ಕಾಕಾ. ನೈಲಾನ್ ಆದ್ರ ಮಷೀನಿನಿಂದ ತಯಾರಾಗೇ ಬರ್ತದ."

"ಫ್ರಿಜ್ ಸುದ್ಧಾ ಇಲ್ಲದವ್ರು ಬರ್ಫದ ಪಂಚಾಯ್ತಿ ಮಾಡೂದು" ಎಂದು ಚಾಂದಬಿ ನಕ್ಕಳು.

ಫಕ್ರುದ್ದೀನ ಮೀನು ಮಾರ್ಕೆಟ್ಟಿನಿಂದ ಒಂದು ಡಬ್ಬಿ ಬರ್ಫ ತಂದ. ಜೊತೆಗೆ ವಾಮ್ ಮೀನಿನ ತಲೆ. ಹಾವಿನಂಥ ಆ ಮೀನಿನ ಬಾಯಿ ತುಂಬ ಮುಳ್ಳಿನಂಥ ಹಲ್ಲು. ಎರಡು ತಂತಿ, ಸದಾನಂದ ತಂದಿದ್ದ ನೈಲಾನ್, ಮೀನಿನ ತಲೆ, ಎಲ್ಲವನ್ನೂ ಬರ್ಫದಲ್ಲಿ ಹೂತಿಟ್ಟು ಮಧ್ಯಾಹ್ನದ ನಮಾಜಿಗೆ ಹೋದ.

ಮರಳಿ ಬಂದಾಗ ಸದಾನಂದ ಫೋನಿನಲ್ಲಿ ಮಾತಾಡುತ್ತ ಗಲ್ಲಿಯಲ್ಲಿದ್ದ. ಫಕ್ರುದ್ದೀನ ಮೊದಲು ನೈಲಾನನ್ನು ಹಲ್ಲುಗಳ ಮೇಲೆ ಎಳೆದಾಡಿದ. ಗೀರುಗಳು ಬಿದ್ದವು, ತುಂಡಾಗಲಿಲ್ಲ. ಆಮೇಲೆ ಒಂದು ತಂತಿ ತೆಗೆದ. ಎಳೆಗಳ ನಡುವೆ ಎಣ್ಣೆ ಮೇಣದಂತೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ತಂತಿ ಕಡ್ಡಿಯಾಗಿತ್ತು. ಹಲ್ಲಿಗೆ ಸಿಕ್ಕು ಮಣಿದದ್ದು ಮತ್ತೆ ನೆಟ್ಟಗಾಗಲಿಲ್ಲ. ಮತ್ತೆರಡು ಸಲ ಜಗ್ಗಿದಾಗ ಅಲ್ಲೇ ಮುರಿಯಿತು.

"ಎಣ್ಣಿ ಬಿಟ್ರ?" ಎಂದಳು ಚಾಂದಬಿ.

"ಹಡಗ ಏರೂದ್ರಾಗ ತುಕ್ಕು."

"ಮಷೀನಿನ ಎಣ್ಣಿ?"

"ಆ ವಾಸನಿಗೆ ಮೀನ ಹತ್ರ ಬರಂಗಿಲ್ಲ."

ಅವಳು ಬರ್ಫದೊಳಗಿನ ಇನ್ನೊಂದು ತಂತಿಯನ್ನು ತೆಗೆದು ಮುಷ್ಟಿಯಲ್ಲಿ ಹಿಡಿದು ಕುಳಿತಳು. ಬಿಚ್ಚಿದಾಗ ಎಣ್ಣೆ ಕರಗಿ, ತಂತಿ ಮೊದಲಿನಂತೆ ಮೆತ್ತಗೆ ಮಿರುಗುತ್ತಿತ್ತು.

"ನೋಡ್ರಿ ಭಾಯಿ, ಏನೂ ಆಗಿಲ್ಲ. ಸದಾನಂದ ಅವ್ರಿಗೆ ಇದನ್ನ ತೋರಸ್ರಿ."

ಫಕ್ರುದ್ದೀನ ಮುರಿದ ತುಂಡನ್ನು ಎತ್ತಿಕೊಂಡ. ತಿನ್ನಲಿಕ್ಕೆ ಮೀನು ಹಿಡಿಯುವುದಕ್ಕೆ ದೇವರ ಅಪ್ಪಣೆಯಿದೆ. ಆದರೆ ತಂತಿ ಮುರಿದುಕೊಂಡು ಗಂಟಲಲ್ಲಿ ಗಾಳ ಹೊತ್ತು ಹೋದ ಮೀನು ತಿನ್ನಲಾರದು. ಬರ್ಫದ ಕೆಳಗಿನ ಕತ್ತಲಲ್ಲಿ ಹಸಿದು ಹಸಿದು ಸಾಯುತ್ತದೆ. ದೇವರು ಲೆಕ್ಕ ಕೇಳುವ ಕೊನೆಯ ದಿನ ಆ ಮೀನಿಗೂ ಬಾಯಿ ಬರುತ್ತದೆಂದು ಅವನು ನಂಬಿದ್ದ.

ಸದಾನಂದ ಒಳಗೆ ಬಂದು ಚಾಂದಬಿಯ ಅಂಗೈಗೆ ಬಗ್ಗಿದ. "ಭಾಳ ಚಲೋ ಅದ ಅಲ್ರೀ. ಇದನ್ನ ಕಳಸೂಣೇನ್ರಿ ಕಾಕಾ?"

ಅವಳ ಕೈ ಚಾಚಿದಂತೆಯೇ ಇತ್ತು.

"ನೈಲಾನ್ ಕಳಸ್ರಿ" ಎಂದ ಫಕ್ರುದ್ದೀನ. "ಇದು ಥಂಡಿಗೆ ಮುರೀತದ."

"ಹಂಗಾದ್ರ ಇವ್ರ ಕೆಲಸ..." ಸದಾನಂದ ಮಾತನ್ನು ಅಲ್ಲಿಗೇ ಬಿಟ್ಟ. ಚಾಂದಬಿ ತಂತಿಯನ್ನು ಡಬ್ಬಿಯ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಯಾರನ್ನೂ ನೋಡದೆ ಎದ್ದು ಹೋದಳು.

ಸಂಜೆಯ ನಮಾಜಾದ ಮೇಲೆ ಫಕ್ರುದ್ದೀನ ಚಕ್ರದ ಬೋಲ್ಟುಗಳನ್ನು ಬಿಚ್ಚಿದ. ಧೂಳು ಒರೆಸಿ, ತಲೆಯ ಮೇಲೆ ಹೊತ್ತು ಅವಳ ಮನೆಯಿದ್ದ ಚಾಳಿನ ಮೆಟ್ಟಿಲು ಹತ್ತಿದ. ಚಾಂದಬಿ ಬಾಗಿಲಲ್ಲೇ ಕುಳಿತಿದ್ದಳು. ಅವನು ಚಕ್ರವನ್ನು ಇಳಿಸಿ ಮುಂದೆ ಹಿಡಿದ. ಅವಳು ಎದ್ದು ಎರಡೂ ಕೈಯಿಂದ ತೆಗೆದುಕೊಂಡಳು.